ಹವಾಮಾನಕ್ಕೆ ಅನುಗುಣವಾದ ಕಟ್ಟಡ ಸಾಮಗ್ರಿಗಳು (ಕರ್ನಾಟಕ)

ಹವಾಮಾನಕ್ಕೆ ಅನುಗುಣವಾದ ಕಟ್ಟಡ ಸಾಮಗ್ರಿಗಳು ಎಂದರೆ ಒಂದು ಪ್ರದೇಶದ ಮಳೆ, ಬಿಸಿಲು, ಗಾಳಿಯ ತೇವಾಂಶ ಮತ್ತು ಮಣ್ಣಿನ ಗುಣವನ್ನು ಗಮನಿಸಿ ಅಡಿಪಾಯ, ಗೋಡೆ, ನೆಲ ಹಾಗೂ ಚಾವಣಿಗೆ ಆರಿಸಿಕೊಳ್ಳುವ ವಸ್ತುಗಳು. ಕರ್ನಾಟಕದ ಹವಾಮಾನವು ಏಕರೂಪವಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ ವಿಜಯಪುರದಲ್ಲಿ ಬೀಳುವುದು ಸುಮಾರು 600 ಮಿ.ಮೀ. ಮಾತ್ರ. ಆದ್ದರಿಂದ ಒಂದೆಡೆ ತಲೆಮಾರುಗಳ ಕಾಲ ಬಾಳುವ ಚಾವಣಿ ಇನ್ನೊಂದೆಡೆ ಕೆಲವೇ ಮಳೆಗಾಲಗಳಲ್ಲಿ ಹಾಳಾಗಬಹುದು.

ಕರಾವಳಿ ಮತ್ತು ಮಲೆನಾಡು

ಇಲ್ಲಿಯ ಮುಖ್ಯ ಸಮಸ್ಯೆ ಮಳೆ ಮತ್ತು ತೇವ. ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯ ವ್ಯತ್ಯಾಸ ಕಡಿಮೆಯಿರುವುದರಿಂದ ದಪ್ಪ ಗೋಡೆಗಿಂತ ಗಾಳಿಯಾಟವೇ ಹೆಚ್ಚು ಹಿತಕರ. ಗೋಡೆಗೆ ಜಂಬಿಟ್ಟಿಗೆ ಬಳಕೆಯಲ್ಲಿದೆ. ಇದನ್ನು ಮುರಕಲ್ಲು, ಚಿರೇಕಲ್ಲು, ಕೆಂಪುಕಲ್ಲು ಎಂದೂ ಕರೆಯುವುದುಂಟು. ನೆಲದೊಳಗೆ ಮೆದುವಾಗಿರುವ ಈ ಕಲ್ಲನ್ನು ಸುಲಭವಾಗಿ ಕತ್ತರಿಸಬಹುದು. ಗಾಳಿಗೆ ಒಡ್ಡಿದ ಮೇಲೆ ಅದು ಗಟ್ಟಿಯಾಗುತ್ತದೆ.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿತು. ಒಂದರೊಳಗೊಂದು ಕೂಡಿಕೊಳ್ಳುವ ಮಂಗಳೂರು ಹೆಂಚು ಇಳಿಜಾರು ಚಾವಣಿಯ ಮೇಲೆ ನೀರು ನಿಲ್ಲಲು ಬಿಡುವುದಿಲ್ಲ. ಹೆಂಚುಗಳ ಸಂದಿಯಿಂದ ಬಿಸಿಗಾಳಿ ಹೊರಹೋಗುತ್ತದೆ. ಮುಂಚಾಚಿದ ಸೂರು ಗೋಡೆಯನ್ನು ಇರಚಲಿನಿಂದ ಕಾಪಾಡುತ್ತದೆ. ಮಣ್ಣಿನ ಗೋಡೆಗಳಿಗೆ ಮಳೆಗಾಲದಲ್ಲಿ ಅಡಕೆಯ ಸೋಗೆ ಅಥವಾ ತೆಂಗಿನ ಮಡಲಿನ ತಟ್ಟಿ ಕಟ್ಟುವ ರೂಢಿಯೂ ಇದೆ.

ಉತ್ತರದ ಬಯಲುಸೀಮೆ

ಕಲಬುರಗಿ, ರಾಯಚೂರು ಭಾಗಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಲ್ಲಿಯ ಹಳೆಯ ಮನೆಗಳು ದಪ್ಪನಾದ ಕಲ್ಲು ಅಥವಾ ಮಣ್ಣಿನ ಗೋಡೆಗಳಿಂದ ಕೂಡಿವೆ. ಇಂತಹ ಗೋಡೆಯು ಹಗಲಿನ ಶಾಖವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಶಾಖವು ಒಳಗೆ ತಲುಪುವ ವೇಳೆಗೆ ಹೊರಗೆ ರಾತ್ರಿಯ ತಂಪು ಆವರಿಸಿರುತ್ತದೆ. ಚಾವಣಿಗೆ ತೊಲೆ ಮತ್ತು ಜಂತಿಗಳ ಮೇಲೆ ಮಣ್ಣು ಹರಡಿ ಮಾಳಿಗೆ ಕಟ್ಟುತ್ತಾರೆ. ಮೇಲ್ಪದರಕ್ಕೆ ಸವುಳು ಮಣ್ಣನ್ನು ಬಳಸುವುದು ವಾಡಿಕೆ. ಒದ್ದೆಯಾದಾಗ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು ನೀರಿಳಿಯುವುದು ತಗ್ಗುತ್ತದೆ. ಬೆಳಕಿಗಾಗಿ ಮಾಳಿಗೆಯಲ್ಲಿ ಬೆಳಕಿಂಡಿ ಇಡುತ್ತಾರೆ. ನೆಲಹಾಸಿಗೆ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಪ್ರಸಿದ್ಧವಾಗಿದೆ.

ಎರೆಭೂಮಿಯಲ್ಲಿ ಅಡಿಪಾಯಕ್ಕೆ ವಿಶೇಷ ಎಚ್ಚರಿಕೆ ಅಗತ್ಯ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದರಿಂದ ಅಡಿಪಾಯ ಆಳವಿಲ್ಲದಿದ್ದರೆ ಗೋಡೆಗಳು ಸೀಳುತ್ತವೆ.

ದಕ್ಷಿಣದ ಬಯಲುಸೀಮೆ

ಬೆಂಗಳೂರು, ಕೋಲಾರ, ತುಮಕೂರು ಭಾಗಗಳಲ್ಲಿ ಗ್ರಾನೈಟ್ ಶಿಲೆ ಹೇರಳವಾಗಿದ್ದು, ಕಲ್ಲುಚಪ್ಪಡಿಗಳನ್ನು ಗೋಡೆ, ಚಾವಣಿ ಎರಡಕ್ಕೂ ಬಳಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಗಳ ಕುರಿತು ಸಂಶೋಧನೆ ನಡೆಸಿ ಅವುಗಳ ಬಳಕೆಯನ್ನು ಪ್ರಚುರಪಡಿಸಿತು. ಇವುಗಳನ್ನು ಸುಡಬೇಕಾಗಿಲ್ಲವಾದ್ದರಿಂದ ಸೌದೆ, ಕಲ್ಲಿದ್ದಲು ಉಳಿಯುತ್ತವೆ.

ಕಾಂಕ್ರೀಟ್ ಮತ್ತು ಹವಾಮಾನ

ಇಂದು ರಾಜ್ಯದ ಎಲ್ಲೆಡೆ ಸಮತಟ್ಟಾದ ಕಾಂಕ್ರೀಟ್ ಚಾವಣಿ ಸಾಮಾನ್ಯವಾಗಿದೆ. ಅದು ಗಟ್ಟಿ, ಮೇಲೆ ಅಂತಸ್ತು ಕಟ್ಟಲು ಅನುಕೂಲಕರ. ಆದರೆ ಬಿಸಿಲು ಪ್ರದೇಶದಲ್ಲಿ ತೆಳುವಾದ ಚಾವಣಿ ಹಗಲಿಡೀ ಕಾದು ಸಂಜೆಯ ಮೇಲೆ ಶಾಖವನ್ನು ಕೋಣೆಯೊಳಗೆ ಬಿಡುತ್ತದೆ. ಸಮುದ್ರ ತೀರದಲ್ಲಿ ಉಪ್ಪಿನಂಶ ಒಳಸೇರಿದರೆ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಒಡೆಯುತ್ತದೆ. ಕರಾವಳಿಯಲ್ಲಿ ಕಾಂಕ್ರೀಟ್ ತಾರಸಿಯ ಮೇಲೆ ಮತ್ತೊಮ್ಮೆ ತಗಡಿನ ಅಥವಾ ಹೆಂಚಿನ ಇಳಿಜಾರು ಮಾಡು ಹಾಕಿಸುವುದು ಸಾಮಾನ್ಯವಾಗಿದ್ದು, ಇದರಿಂದ ಚಾವಣಿಯ ವೆಚ್ಚ ಎರಡು ಬಾರಿ ತಗಲುತ್ತದೆ.

ಮಿತಿಗಳು

ಸ್ಥಳೀಯ ಸಾಮಗ್ರಿಗಳೆಲ್ಲವೂ ಎಲ್ಲ ಸಂದರ್ಭಗಳಲ್ಲೂ ಸುರಕ್ಷಿತವಲ್ಲ. 2009 ಮತ್ತು 2019ರ ಪ್ರವಾಹಗಳಲ್ಲಿ ಉತ್ತರ ಕರ್ನಾಟಕದ ಅನೇಕ ಮಣ್ಣಿನ ಮನೆಗಳು ಕುಸಿದುಬಿದ್ದವು. ಕಡಿಮೆ ಮಳೆಗೆಂದು ರೂಪುಗೊಂಡ ಗೋಡೆ ದಿನಗಟ್ಟಲೆ ನೀರಿನಲ್ಲಿ ನೆನೆದರೆ ಬಲ ಕಳೆದುಕೊಳ್ಳುತ್ತದೆ. ಹೊಳೆದಂಡೆಯ ಊರುಗಳಲ್ಲಿ ಎತ್ತರದ ಕಲ್ಲಿನ ಪಾಯ, ಸಿಮೆಂಟ್ ಬೆರೆಸಿದ ಇಟ್ಟಿಗೆ ಮೊದಲಾದವು ಈ ಅಪಾಯವನ್ನು ತಗ್ಗಿಸುತ್ತವೆ. ಮಾಳಿಗೆಗೆ ಕಾಲಕಾಲಕ್ಕೆ ಹೊಸ ಮಣ್ಣು, ಹೆಂಚಿನ ಮಾಡಿಗೆ ಮಳೆಗಾಲಕ್ಕೆ ಮುನ್ನ ಕೈಯಾಡಿಸುವ ಕೆಲಸ ಬೇಕು. ಒಳ್ಳೆಯ ಮರವೂ ಈಗ ದುಬಾರಿಯಾಗಿದೆ. ಹೀಗಾಗಿ ವಾಡಿಕೆಯ ಹವಾಮಾನದೊಂದಿಗೆ ಅಪರೂಪಕ್ಕೆ ಬರುವ ನೆರೆಯನ್ನೂ, ನಿರ್ವಹಣೆಯ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಾಮಗ್ರಿಯನ್ನು ಆರಿಸಬೇಕಾಗುತ್ತದೆ.