ಬಡವರ ಹೆಣ, ಮಕ್ಕಳ ಕೊರಳು

ರಾತ್ರಿ ಹಾಲು ಕುಡಿದು ಮಲಗಿದ ಕೂಸು ಬೆಳಿಗ್ಗೆ ಏಳುವುದಿಲ್ಲ. ಜ್ವರವಿಲ್ಲ, ಗಾಯವಿಲ್ಲ. ಹತ್ತೊಂಬತ್ತನೇ ಶತಮಾನದ ಯೂರೋಪಿನಲ್ಲಿ ಇಂಥ ಸಾವಿನ ಕಾರಣ ಹುಡುಕಲು ಶವ ಕೊಯ್ದ ವೈದ್ಯರಿಗೆ ಎದೆಯ ಮೇಲ್ಭಾಗದಲ್ಲಿ, ಶ್ವಾಸನಾಳದ ಮುಂದೆ, ದೊಡ್ಡ ಗ್ರಂಥಿಯೊಂದು ಕಾಣುತ್ತಿತ್ತು. ಅದೇ ಥೈಮಸ್. ಅವರು ಅದುವರೆಗೆ ಕಂಡಿದ್ದ ಹೆಣಗಳಲ್ಲಿ ಅದು ಇಷ್ಟು ದಪ್ಪ ಇರುತ್ತಿರಲಿಲ್ಲ. ಹಿಗ್ಗಿದ ಈ ಗ್ರಂಥಿಯೇ ಮಗುವಿನ ಉಸಿರು ಕಟ್ಟಿಸಿರಬೇಕು ಎಂದು ಹಲವರು ನಂಬಿದರು. 1889ರಲ್ಲಿ ವಿಯೆನ್ನಾದ ಪಾಲ್ಟಾಫ್ ಇದು ಹುಟ್ಟಿನಿಂದ ಬಂದ ದೇಹಪ್ರಕೃತಿಯ ದೋಷ ಎಂದ. ‘ಸ್ಟೇಟಸ್ ಥೈಮಿಕೊಲಿಂಫ್ಯಾಟಿಕಸ್’ ಎಂಬ ಭಾರಿ ಹೆಸರು ಪಠ್ಯಪುಸ್ತಕ ಸೇರಿತು. ಹೆಸರು ದೊಡ್ಡದಾದಷ್ಟೂ ಅನುಮಾನ ಕಡಿಮೆಯಾಗುತ್ತದೇನೋ!

ಆದರೆ ಹೋಲಿಕೆಗೆ ಸಿಕ್ಕ ಹೆಣಗಳು ಯಾರವು? ಬ್ರಿಟನ್ನಿನಲ್ಲಿ 1832ರ ಅಂಗರಚನಾ ಕಾಯ್ದೆಯ ಪ್ರಕಾರ ವಾರಸುದಾರರಿಲ್ಲದ ಶವಗಳು ವೈದ್ಯಕೀಯ ಶಾಲೆಗಳಿಗೆ ಹೋಗುತ್ತಿದ್ದವು. ಅಂದರೆ ಅನಾಥಾಲಯ, ಧರ್ಮಾಸ್ಪತ್ರೆಗಳಲ್ಲಿ ಹಸಿವು, ಕ್ಷಯ, ಭೇದಿಯಿಂದ ನರಳಿ ನರಳಿ ಸತ್ತ ಬಡವರವು. ಉಳ್ಳವರ ಹೆಣ ಕೊಯ್ಯುವ ಮೇಜಿಗೆ ಬರುವುದು ಅಪರೂಪವಾಗಿತ್ತು.

ದೀರ್ಘಕಾಲದ ನರಳಾಟ ದೇಹವನ್ನು ಏನು ಮಾಡುತ್ತದೆ ಎಂಬುದನ್ನು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಪತ್ರದಲ್ಲಿ ವಿವರಿಸಿದ. ಇಲಿಗಳನ್ನು ಚಳಿಗೆ ಒಡ್ಡಲಿ, ಗಾಯ ಮಾಡಲಿ, ಅತಿಯಾಗಿ ದಣಿಸಲಿ, ವಿಷ ಚುಚ್ಚಲಿ, ಪರಿಣಾಮ ಒಂದೇ. 6ರಿಂದ 48 ಗಂಟೆಗಳೊಳಗೆ ಥೈಮಸ್ ಕುಗ್ಗುತ್ತಿತ್ತು. ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು, ಜಠರದಲ್ಲಿ ಹುಣ್ಣು ಏಳುತ್ತಿತ್ತು. ಇಂದು ಎಲ್ಲರ ಬಾಯಲ್ಲಿರುವ ‘ಸ್ಟ್ರೆಸ್’ ಪದ ಆ ಪತ್ರದಲ್ಲಿ ಇರಲಿಲ್ಲ, ಅದು ಆಮೇಲೆ ಬಂತು.

ಕಾರಣವೂ ಕ್ರಮೇಣ ತಿಳಿಯಿತು. ಆಪತ್ತು ಬಂದಾಗ ಮಿದುಳಿನ ಆಜ್ಞೆ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್‌ಗೆ ಹೋಗುತ್ತದೆ. ಅಲ್ಲಿ ಸ್ರವಿಸುವ ಕಾರ್ಟಿಸಾಲ್ ರಕ್ತದ ಸಕ್ಕರೆ ಏರಿಸಿ ದೇಹವನ್ನು ಹೋರಾಟಕ್ಕೆ ಅಣಿಗೊಳಿಸುತ್ತದೆ. ಬರಗಾಲದ ಗೃಹಿಣಿಯಂತೆ ದೇಹ ನಾಳಿನ ಖರ್ಚನ್ನು ಮುಂದಕ್ಕೆ ಹಾಕುತ್ತದೆ. ಆಪತ್ತು ಕೆಲವೇ ದಿನ ಮುಂದುವರಿದರೂ ಅದೇ ಕಾರ್ಟಿಸಾಲ್ ಥೈಮಸ್ಸಿನ ಜೀವಕೋಶಗಳನ್ನು ಸಾಯಿಸುತ್ತದೆ. ವೈದ್ಯರು ಸಹಜವೆಂದು ತಿಳಿದಿದ್ದ ಸಣ್ಣ ಥೈಮಸ್ ಕಷ್ಟದಲ್ಲಿ ಸವೆದದ್ದು. ಹಠಾತ್ತನೆ ಸತ್ತ ಮಗುವಿನಲ್ಲಿ ಕಂಡದ್ದೇ ಸಹಜ ಗಾತ್ರ. ಕುಗ್ಗಲು ಅದಕ್ಕೆ ಸಮಯವೇ ಸಿಕ್ಕಿರಲಿಲ್ಲ.

ಈ ತಪ್ಪು ಪುಸ್ತಕದಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. 1907ರಲ್ಲಿ ಅಮೆರಿಕದ ಸಿನ್ಸಿನಾಟಿಯ ಫ್ರೀಡ್‌ಲ್ಯಾಂಡರ್ ಎಂಬ ವೈದ್ಯ ಮಗುವಿನ ಥೈಮಸ್ಸಿಗೆ ಕ್ಷಕಿರಣ ಹಾಯಿಸಿ ಅದನ್ನು ಕುಗ್ಗಿಸಿದ್ದ. ಚಿಕಿತ್ಸೆ ಜನಪ್ರಿಯವಾಯಿತು. ಮುಂಜಾಗ್ರತೆ ಎಂದು ಆರೋಗ್ಯವಂತ ಶಿಶುಗಳಿಗೂ ಕಿರಣ ಹಾಯಿಸಿದರು. 1931ರಲ್ಲಿ ಬ್ರಿಟನ್ನಿನ ಸಮಿತಿಯೊಂದು ಅಂಥ ರೋಗವಿದೆ ಎನ್ನಲು ಆಧಾರವಿಲ್ಲ ಎಂದಿತು. ಆದರೂ ಅಮೆರಿಕದಲ್ಲಿ ಚಿಕಿತ್ಸೆ ಮತ್ತೆ ಸುಮಾರು ಎರಡು ದಶಕ ನಡೆಯಿತು. ಹೆತ್ತವರ ಭಯಕ್ಕೆ ವರದಿ ಎಲ್ಲಿ ಸಾಕಾದೀತು?

ಕಿರಣ ಬಿದ್ದ ಜಾಗಕ್ಕೆ ತೀರಾ ಹತ್ತಿರ, ಕೊರಳಿನಲ್ಲಿ, ಥೈರಾಯ್ಡ್ ಗ್ರಂಥಿ ಇದೆ. 1950ರಲ್ಲಿ ಥೈರಾಯ್ಡ್ ಕ್ಯಾನ್ಸರ್ ತಗುಲಿದ 28 ಮಕ್ಕಳ ಪೂರ್ವಚರಿತ್ರೆ ಪರಿಶೀಲಿಸಿದಾಗ, ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು ಎಳವೆಯಲ್ಲಿ ಈ ಕಿರಣಕ್ಕೆ ಒಳಗಾಗಿದ್ದುದು ತಿಳಿಯಿತು. ಕುಗ್ಗಿಸಿದ ಗ್ರಂಥಿಯೇ ರೋಗನಿರೋಧಕ ಶಕ್ತಿಯ ತಾಯಿಬೇರು ಎಂದು ಜಾಕ್ ಮಿಲ್ಲರ್ ತೋರಿಸಿಕೊಟ್ಟದ್ದು 1961ರಲ್ಲಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹೀಗೆ ಕಿರಣ ಪಡೆದ ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಗಮನಿಸುತ್ತ ಹೋದರು. ಅವರು ನಡುವಯಸ್ಸು ದಾಟಿದ ಮೇಲೂ ಆ ಅಪಾಯ ಪೂರ್ತಿ ತಗ್ಗಿರಲಿಲ್ಲ.