ರಾಜನ ಕಾಡು, ಸೈಕಲ್ಲಿನ ಜಾಡು

ಸರಕಾರವೇ ಕಾಡಿನೊಳಗೆ ಸೈಕಲ್ ತುಳಿಯುವವರಿಗಾಗಿ ಹಾದಿ ಕಟ್ಟಿಸಿ, ಕಲಿಯುವವರಿಗೊಂದು ಪಳಗಿದವರಿಗೊಂದು ಎಂದು ಬಣ್ಣಗಳಿಂದ ವಿಂಗಡಿಸಿತೆಂದರೆ, ಸಿರಿವಂತ ದೇಶದ ವಿಲಾಸವೆಂದು ನಾವು ನಕ್ಕುಬಿಡುವ ಸಂಭವವೇ ಹೆಚ್ಚು. ಆದರೆ ವೇಲ್ಸ್ ನಾಡಿನ ಕೊಯ್ಡ್ ಅ ಬ್ರೆನಿನ್ ಕಾಡಿನಲ್ಲಿ ಈ ಪದ್ಧತಿ ಬೇರೂರಿದ ಕಥೆಯ ಮೊದಲ ಅಧ್ಯಾಯವೇ ಯುದ್ಧದ್ದು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸತೊಡಗಿದಾಗ ಬ್ರಿಟನ್ನಿಗೆ ಹೊರಗಿನಿಂದ ಬರುತ್ತಿದ್ದ ಮರಕ್ಕೆ ಕುತ್ತು ಬಂದಿತು. ಕಲ್ಲಿದ್ದಲ ಗಣಿಯ ಸುರಂಗಕ್ಕೆ ಆಸರೆಯ ಕಂಬ ಬೇಕು; ಕಂಬವಿಲ್ಲದೆ ಕಲ್ಲಿದ್ದಲಿಲ್ಲ, ಕಲ್ಲಿದ್ದಲಿಲ್ಲದೆ ಯುದ್ಧವಿಲ್ಲ. ದೇಶದ ನೆಲದಲ್ಲಿ ಅರಣ್ಯ ಉಳಿದಿದ್ದುದು ಶೇಕಡಾ 5ರಷ್ಟು. ಆ ಭಯದ ಕೂಸಾಗಿ 1919ರಲ್ಲಿ ಅರಣ್ಯ ಆಯೋಗ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖನಾದ ರಾಯ್ ರಾಬಿನ್‌ಸನ್ ಆಕ್ಸ್‌ಫರ್ಡಿನಲ್ಲಿ ವಿಲಿಯಂ ಶ್ಲಿಖ್‌ನ ಶಿಷ್ಯ. ಆ ಶ್ಲಿಖ್ ಅದಕ್ಕೆ ಮೊದಲು ಇಂಡಿಯಾದ ಅರಣ್ಯಗಳ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವನು. ಕಾಡನ್ನು ಸರಕಾರಿ ಸ್ವತ್ತಾಗಿ ಕಾಯುವ ವಿದ್ಯೆಯ ಒಂದು ಪಾಲು ನಮ್ಮ ನೆಲದಿಂದಲೇ ಅಲ್ಲಿಗೆ ಹೋಯಿತೆಂಬುದನ್ನು ಕೇಂದ್ರ ಸರಕಾರದ ಕಡತಗಳ ನಡುವೆ ದಿನ ಕಳೆಯುವ ನಾವು ಒಂದಿಷ್ಟು ಕುತೂಹಲದಿಂದಲೇ ಗಮನಿಸುತ್ತೇವೆ.

ಉತ್ತರ ವೇಲ್ಸಿನ ಡೊಲ್ಗೆಹ್ಲೈ ಪಟ್ಟಣದ ಬಳಿ, ಮೌದಖ್ ನದಿಯ ಕಣಿವೆಯಲ್ಲಿ ಆಯೋಗವು 1922ರಲ್ಲಿ ಹಳೆಯ ಜಮೀನುದಾರಿ ಮನೆತನವೊಂದರ ನೆಲವನ್ನು ಪಡೆಯಿತು. ಆ ಮನೆತನದ ಹೆಸರಿನಿಂದಲೇ ವಾನ್ ಅರಣ್ಯ ಎನಿಸಿಕೊಂಡಿದ್ದ ಕಾಡಿಗೆ 1935ರಲ್ಲಿ, ಐದನೆಯ ಜಾರ್ಜ್ ದೊರೆಯ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ, ಕೊಯ್ಡ್ ಅ ಬ್ರೆನಿನ್ ಎಂಬ ಹೆಸರಾಯಿತು. ವೇಲ್ಸ್ ಭಾಷೆಯಲ್ಲಿ 'ರಾಜನ ಕಾಡು' ಎಂದರ್ಥ. ನೆಟ್ಟದ್ದು ಬೇಗ ಬೆಳೆಯುವ, ಬೇಗ ಕಡಿಯಬಹುದಾದ ಹೊರನಾಡಿನ ಸೂಚಿಪರ್ಣಿ ಮರಗಳನ್ನು.

ಕುರಿ ಮೇಯುತ್ತಿದ್ದ ಗುಡ್ಡಗಳ ಮೇಲೆಲ್ಲ ಹೀಗೆ ಸರಕಾರದ ಮರ ಏಳುವುದನ್ನು ವೇಲ್ಸಿನ ರೈತರು ಸಂತೋಷದಿಂದೇನೂ ನೋಡಲಿಲ್ಲ. ದಕ್ಷಿಣದಲ್ಲಿ ತನ್ನ ಹಿರಿಯರ ಹೊಲಮನೆಗಳು ಇಂಥ ನೆಡುತೋಪಿನಡಿ ಅಡಗಿಹೋದುದನ್ನು ಕವಿ ಗ್ವೆನಾಲ್ಟ್ 'ರೀಡ್‌ಕಮೆರೈ' ಎಂಬ ಪದ್ಯದಲ್ಲಿ ಕಹಿಯಾಗಿ ಹಾಡಿದ್ದಾನೆ. ಅವನ ಪಾಲಿಗೆ ಕಾಡು ಬೆಳೆದಲ್ಲಿ ಭಾಷೆ ಅಳಿಯಿತು. ಸೊಪ್ಪಿನ ಬೆಟ್ಟದ ಹಕ್ಕಿಗಾಗಿ ಅರಣ್ಯ ಇಲಾಖೆಯೊಡನೆ ಹೆಣಗಿದ ಉತ್ತರ ಕನ್ನಡದ ಹಿರಿಯರನ್ನು ಬಲ್ಲವರಿಗೆ ಈ ಕಹಿ ಹೊಸದಲ್ಲ.

ಇನ್ನು ಸೈಕಲ್ಲು. ದಪ್ಪ ಟೈರಿನ, ಬೆಟ್ಟ ಇಳಿಯುವ ಸೈಕಲ್ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡು, ಮುಂದಿನ ದಶಕದಲ್ಲಿ ಬ್ರಿಟನ್ನಿಗೂ ಬಂದಿತು. ಅಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನು ಅಡ್ಡ ನಿಂತಿತು. 1968ರ ಕಾಯಿದೆಯಂತೆ ಕುದುರೆ ಹಾದಿಗಳಲ್ಲಿ ಸೈಕಲ್ಲಿಗೆ ಅವಕಾಶವಿತ್ತು, ಅದೂ ನಡೆಯುವವರಿಗೆ ದಾರಿ ಬಿಟ್ಟುಕೊಟ್ಟು. ಕಾಲುದಾರಿಗಳಲ್ಲಿ ಆ ಹಕ್ಕಿರಲಿಲ್ಲ. ನಡೆಯುವವರಿಗೂ ತುಳಿಯುವವರಿಗೂ ಜಗಳ ಹತ್ತಿತು. ಆಯೋಗದ ಕಾಡಿನಲ್ಲಿ ಲಾರಿಗಳಿಗಾಗಿ ಮಾಡಿದ ಅಗಲವಾದ ಜಲ್ಲಿರಸ್ತೆಗಳಿದ್ದವು, ನಿಜ. ಅವುಗಳಲ್ಲಿ ಸೈಕಲ್ ತುಳಿಯುವುದೆಂದರೆ ಮದುವೆಮನೆಗೆ ಹೋಗಿ ಬರಿಯ ಅನ್ನ ಉಂಡು ಬಂದಂತೆ.

ಪರಿಹಾರ ಯಾವುದೋ ಮಂತ್ರಾಲಯದಿಂದ ಬರಲಿಲ್ಲ. 1990ರ ದಶಕದಲ್ಲಿ ಕೊಯ್ಡ್ ಅ ಬ್ರೆನಿನ್‌ನಲ್ಲಿ ರೇಂಜರ್ ಆಗಿದ್ದ ದಾವಿದ್ ಡೇವಿಸ್, ಸ್ವಯಂಸೇವಕರನ್ನು ಸೇರಿಸಿಕೊಂಡು ಸೈಕಲ್ಲಿಗೆಂದೇ ಕಿರಿದಾದ ಜಾಡುಗಳನ್ನು ಕಟ್ಟತೊಡಗಿದರು. ಹಣಕ್ಕೆ ರೆಡ್ ಬುಲ್ ಪಾನೀಯದ ಕಂಪನಿಯಂಥ ಪ್ರಾಯೋಜಕರು ಒದಗಿದರು. ಮಳೆಯ ನಾಡು ಅದು. ಬರಿಯ ಮಣ್ಣಿನ ಜಾಡು ಚಕ್ರಕ್ಕೆ ಸಿಕ್ಕು ಕೆಸರಿನ ಕಾಲುವೆಯಾಗುತ್ತದೆ. ಆದ್ದರಿಂದ ಕಲ್ಲನ್ನೇ ಜಾಡಾಗಿಸಬೇಕಾಯಿತು. ಚಪ್ಪಡಿಗಳನ್ನು ಒತ್ತಾಗಿ ನಾಟಿ ಕೂರಿಸುವುದು, ನೀರು ಹಾದಿಯುದ್ದಕ್ಕೂ ಹರಿಯದೆ ಅಡ್ಡಕ್ಕೆ ಇಳಿದುಹೋಗುವಂತೆ ಅಂಚನ್ನು ತುಸು ಹೊರಕ್ಕೆ ವಾಲಿಸುವುದು, ಗುಡ್ಡವನ್ನು ನೇರಕ್ಕೆ ಇಳಿಯದೆ ಓರೆಯಾಗಿ ಸುತ್ತಿ ನಡುನಡುವೆ ಸಣ್ಣ ಏರು ಕೊಡುವುದು ಇವೆಲ್ಲ ಆ ಕಸುಬಿನ ಸೂಕ್ಷ್ಮಗಳು. ತೋಟದ ಬಸಿಗಾಲುವೆ ತೆಗೆಸಿದ ಯಾವ ಮಲೆನಾಡಿಗನೂ ಇದನ್ನು ಕೂಡಲೇ ಅರಿತಾನು.

ಬಣ್ಣದ ವಿಂಗಡಣೆ ಬಂದದ್ದು ಹಿಮದ ಮೇಲೆ ಜಾರುವ ಸ್ಕೀ ಆಟದಿಂದ. ಹಸಿರು ಅಗಲ, ನುಣುಪು. ನೀಲಿಯಲ್ಲಿ ಜಾಡು ಕಿರಿದಾಗಿ ಸಣ್ಣ ಕಲ್ಲು, ಬೇರುಗಳು ಎದುರಾಗುತ್ತವೆ. ಕೆಂಪು ಕಡಿದು, ಮೆಟ್ಟಿಲಂತೆ ಇಳಿಯುವ ಬಂಡೆಗಳ ದಾರಿ. ಕಪ್ಪು ನುರಿತವರಿಗೆ. ಕಷ್ಟದ ಜಾಡುಗಳನ್ನು ಕಟ್ಟುವವರು ಆರಂಭದಲ್ಲೇ ಒಂದು ತೊಡಕನ್ನು ಬೇಕೆಂದೇ ಇರಿಸುವುದುಂಟು. ಅದನ್ನು ದಾಟಲಾರದವನು ಅಲ್ಲಿಂದಲೇ ಮಾನವಾಗಿ ಹಿಂದಿರುಗಬಹುದು. ನಡುಗಾಡಿಗೆ ಹೋಗಿ ಕೈಕಾಲು ಮುರಿದುಕೊಳ್ಳಬೇಕಾಗಿಲ್ಲ. ಫಲಕದ ಎಚ್ಚರಿಕೆಗಿಂತ ಇದು ಹೆಚ್ಚು ಮರ್ಯಾದೆಯ ಮಾತೆಂದು ನಮಗೆ ತೋರುತ್ತದೆ. ಎಲ್ಲ ಜಾಡುಗಳೂ ಒಂದೇ ಕೇಂದ್ರದಿಂದ ಹೊರಟು ಸುತ್ತಿಬಂದು ಅಲ್ಲಿಗೇ ಸೇರುತ್ತವೆ. ಮಗುವಿನೊಡನೆ ಹಸಿರು ಹಾದಿ ಸುತ್ತಿದ ತಾಯಿ, ಕಪ್ಪು ಜಾಡಿನಿಂದ ಕೆಸರು ಮೆತ್ತಿಕೊಂಡು ಬಂದ ಪಟು, ಇಬ್ಬರೂ ಒಂದೇ ಮೇಜಿನಲ್ಲಿ ಚಹಾ ಕುಡಿಯಬಹುದು. ಕೇಂದ್ರವೆಂಬ ಕಲ್ಪನೆಯ ಜೀವ ಇರುವುದು ಇಲ್ಲಿಯೇ.

ಹೆಸರುಗಳ ವಿಚಾರವೂ ಸ್ವಾರಸ್ಯದ್ದು. ಪ್ರಾಯೋಜಕನ ಹೆಸರು ಹೊತ್ತಿದ್ದ 'ರೆಡ್ ಬುಲ್' ಜಾಡು ಮುಂದೆ 'ಟಾರು' ಆಯಿತು; ವೇಲ್ಸ್ ನುಡಿಯಲ್ಲಿ ಗೂಳಿ. ಹಸಿರು ಹಾದಿ 'ಅರ್ ಆವೊನ್', ಎಂದರೆ ನದಿ. ಭಾಷೆಯನ್ನು ಮುಚ್ಚಿತೆಂದು ಕವಿಯಿಂದ ದೂರಿಸಿಕೊಂಡ ಕಾಡುಗಳ ಪೈಕಿಯೇ ಒಂದರಲ್ಲಿ, ದೂರದ ಊರುಗಳ ಸವಾರರು ಈಗ ಆ ಭಾಷೆಯ ಶಬ್ದಗಳನ್ನು ತಡವರಿಸಿಯಾದರೂ ಉಚ್ಚರಿಸುತ್ತಾರೆ. ಮುಂಬಯಿ, ದೆಹಲಿಗಳಲ್ಲಿ ಕನ್ನಡದ ಒಂದು ನಾಮಫಲಕಕ್ಕೆ ಕಣ್ಣರಳಿಸುವ ನಮಗೆ ಇದು ಸಣ್ಣ ಸಂಗತಿಯಲ್ಲ.

2001ರಲ್ಲಿ ಕಾಲುಬಾಯಿ ರೋಗ ಹಬ್ಬಿ, ಬ್ರಿಟನ್ನಿನಲ್ಲಿ 60 ಲಕ್ಷಕ್ಕೂ ಹೆಚ್ಚು ಪಶುಗಳನ್ನು ಕೊಲ್ಲಲಾಯಿತು; ಹಳ್ಳಿಗಾಡಿಗೆ ಪ್ರವಾಸಿಗರು ಬರುವುದು ನಿಂತಿತು. ಅದೇ ದಶಕದಲ್ಲಿ ದಕ್ಷಿಣ ಸ್ಕಾಟ್ಲೆಂಡಿನ ಅರಣ್ಯಗಳಲ್ಲಿ 'ಸೆವೆನ್ ಸ್ಟೇನ್ಸ್' ಎಂಬ ಕೇಂದ್ರಗಳ ಸರಣಿ ಎದ್ದಿತು. ಸ್ಟೇನ್ ಎಂದರೆ ಸ್ಕಾಟರ ನುಡಿಯಲ್ಲಿ ಕಲ್ಲು. ಕಂಬಕ್ಕೆಂದು ನೆಟ್ಟ ಕಾಡು ಊರುಗಳಿಗೆ ಬೇರೊಂದು ಆಸರೆಯಾಯಿತು.

ವೇಲ್ಸಿನಲ್ಲಿ 2013ರಲ್ಲಿ ಅರಣ್ಯ ಆಯೋಗದ ಹೊಣೆ 'ನ್ಯಾಚುರಲ್ ರಿಸೋರ್ಸಸ್ ವೇಲ್ಸ್' ಸಂಸ್ಥೆಗೆ ಹೋಯಿತು. ಹಣದ ಮುಗ್ಗಟ್ಟನ್ನು ಮುಂದಿಟ್ಟು ಆ ಸಂಸ್ಥೆ 2025ರ ಮಾರ್ಚ್ ಅಂತ್ಯಕ್ಕೆ ಕೊಯ್ಡ್ ಅ ಬ್ರೆನಿನ್ ಕೇಂದ್ರದ ಉಪಾಹಾರಗೃಹವನ್ನೂ ಅಂಗಡಿಯನ್ನೂ ನಿಲ್ಲಿಸಿತು. ಜಾಡುಗಳು ತೆರೆದೇ ಇರುತ್ತವೆ ಎಂಬುದು ಅದರ ಸಮಾಧಾನದ ಮಾತು. ಟಿಪ್ಪಣಿಯ ಭಾಷೆಯಲ್ಲಿ ಇದು ಸರಿಯೇ: ಮೂಲ ಸೇವೆ ಮುಂದುವರಿದಿದೆ, ಪೂರಕ ಸೇವೆ ನಿಂತಿದೆ. ಆದರೆ ಕಪ್ಪು ಜಾಡಿನವನಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಅವನ ಚೀಲದಲ್ಲಿ ಬುತ್ತಿಯಿದೆ, ತಲೆಯಲ್ಲಿ ನಕಾಶೆಯಿದೆ. ಒಳಗೆ ಕೂರಲು ಒಂದು ಬೆಚ್ಚನೆಯ ಜಾಗ, ತನಗೆ ಯಾವ ಬಣ್ಣ ತಕ್ಕುದೆಂದು ಕೇಳಲು ಒಬ್ಬ ಮನುಷ್ಯ ಬೇಕಾದದ್ದು ಹಸಿರು, ನೀಲಿಗಳ ಬಳಿ ನಿಂತು ಅನುಮಾನಿಸುವವರಿಗೆ. ಊರಿನವರು ಸಂಘ ಕಟ್ಟಿಕೊಂಡು ಕೇಂದ್ರವನ್ನು ತಮಗೆ ವಹಿಸಿಕೊಡಿರೆಂದು ಕೇಳತೊಡಗಿದರು. ಹಿಂದೊಮ್ಮೆ ಗುಡ್ಡವನ್ನು ಸರಕಾರಕ್ಕೆ ಬಿಟ್ಟುಕೊಟ್ಟಿದ್ದ ಸೀಮೆಯ ಜನ ಅವರು.