ಇಚಲಕರಂಜಿ: ಮಗ್ಗ ಇದೆ, ನೂಲು ಇದೆ, ಜಾಬರ್ ಸಿಗ್ತಿಲ್ಲ

ಬಟ್ಟೆ ವ್ಯಾಪಾರ ಮಾಡುವವರಿಗೆ ಇಚಲಕರಂಜಿ ಹೊಸ ಹೆಸರಲ್ಲ. ಕೊಲ್ಹಾಪುರ ಜಿಲ್ಲೆಯಲ್ಲಿ, ಪಂಚಗಂಗಾ ನದಿಯ ಬದಿಯಲ್ಲಿರುವ ಈ ಊರನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಅಂತಲೇ ಕರೆಯುತ್ತಾರೆ. ಪಕ್ಕದ್ದೇ ಶಿರೋಳ ತಾಲೂಕು. ಅದರ ಗಡಿಯ ಹಳ್ಳಿಗಳಲ್ಲಿ ಕನ್ನಡ ಈಗಲೂ ಮನೆಮಾತು. (ಕಾರ್ಖಾನೆಗಳ ಶಿರೋಲಿ ಎಂಐಡಿಸಿ ಬೇರೆ, ಅದು ಕೊಲ್ಹಾಪುರದ ಹತ್ತಿರ. ಹೆಸರಿನಿಂದ ಗೊಂದಲ ಆಗುತ್ತದೆ.)

ಇಲ್ಲಿ ಮೊದಲ ಪವರ್‌ಲೂಮ್ ಹಾಕಿದ್ದು 1904ರಲ್ಲಿ, ವಿಠ್ಠಲರಾವ್ ದಾತಾರ್. ಜಹಗೀರುದಾರ ನಾರಾಯಣರಾವ್ ಘೋರ್ಪಡೆ ಅವರ ಬೆಂಬಲ ಇತ್ತು. ಅಲ್ಲಿಂದ ಬೆಳೆದ ಊರಿಗೆ ಇವತ್ತು ಕೆಲಸಗಾರರ, ಅದರಲ್ಲೂ ಕೆಲಸ ಗೊತ್ತಿರುವವರ ಕೊರತೆ.

ಎಲ್ಲರೂ ನೇಕಾರರ ಬಗ್ಗೆ ಮಾತ್ರ ಹೇಳುತ್ತಾರೆ. ನಿಜವಾಗಿ ಕೈಕೊಡುವುದು ಇನ್ನಿಬ್ಬರು. ಒಬ್ಬ ಜಾಬರ್, ಅಂದರೆ ಮಗ್ಗದ ಮೆಕ್ಯಾನಿಕ್. ಬೀಮ್ ಏರಿಸುವುದು, ಟೈಮಿಂಗ್ ಹೊಂದಿಸುವುದು, ಲಾಳಿ ಹೊರಗೆ ಹಾರುತ್ತಿದ್ದರೆ ಯಾಕೆಂದು ಹುಡುಕುವುದು ಅವನ ಕೆಲಸ. ಇನ್ನೊಬ್ಬ ವಹಿಫಣಿಯವನು. ಬೀಮಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೀಲ್ಡಿನ ಕಣ್ಣಿನಲ್ಲಿ, ಆಮೇಲೆ ಹಣಿಗೆಯ ಸಂದಿಯಲ್ಲಿ ಪೋಣಿಸುವವನು. ಇವರಿಬ್ಬರು ಬಾರದಿದ್ದರೆ ನೇಕಾರ ಬಂದೂ ಸುಮ್ಮನೆ ಕೂರಬೇಕು. ಈ ವಿದ್ಯೆ ಹೆಚ್ಚಿನವರಿಗೆ ಬರುವುದು ಸರ್ಟಿಫಿಕೇಟಿನಿಂದಲ್ಲ. ಹಿರಿಯನ ಹಿಂದೆ ವರ್ಷಗಟ್ಟಲೆ ನಿಂತು ಕಲಿಯಬೇಕು.

ಹುಡುಗರು ಯಾಕೆ ಬರುವುದಿಲ್ಲ? ನೇಕಾರನಿಗೆ ಕೂಲಿ ಮೀಟರ್ ಲೆಕ್ಕದಲ್ಲಿ. ಕರೆಂಟ್ ಹೋದರೆ, ನೂಲಿನ ದರ ಏರಿ ಮಾಲೀಕ ಮಗ್ಗ ನಿಲ್ಲಿಸಿದರೆ ಅವತ್ತು ಸಂಪಾದನೆ ಇಲ್ಲ. 12 ಗಂಟೆಯ ಪಾಳಿ, ಕಿವಿ ಗುಂಯ್‌ಗುಡುವ ಸದ್ದು. 20 ಜನರಿಗಿಂತ ಕಡಿಮೆ ಇರುವ ಘಟಕಕ್ಕೆ ಪಿಎಫ್ ಕಡ್ಡಾಯವಲ್ಲ, ಸಣ್ಣ ಶೆಡ್‌ಗಳು ಹೆಚ್ಚಿನವು ಅಷ್ಟರೊಳಗೇ. 2013ರಲ್ಲಿ ಕೂಲಿ ಏರಿಕೆಗಾಗಿ ದೊಡ್ಡ ಮುಷ್ಕರವೇ ನಡೆಯಿತು. "ಈಗಿನವರಿಗೆ ದುಡಿಯುವ ಮನಸ್ಸಿಲ್ಲ" ಎನ್ನುವ ಮಾಲೀಕರ ಮಾತನ್ನು ನಾನಂತೂ ಒಪ್ಪುವುದಿಲ್ಲ. ಲೆಕ್ಕ ಬರೆಯುವವನಿಗೆ ಗೊತ್ತು, ಇದು ದರದ ಪ್ರಶ್ನೆ. ಬಿಹಾರ, ಯುಪಿ, ಒಡಿಶಾದವರಿಂದ ಕೆಲಸ ನಡೆಯುತ್ತಿತ್ತು. 2020ರ ಲಾಕ್‌ಡೌನ್‌ನಲ್ಲಿ ಅವರು ಊರಿಗೆ ಹೊರಟಾಗ ಅವಲಂಬನೆ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು.

ಈಗ ರೇಪಿಯರ್, ಏರ್‌ಜೆಟ್ ಮಗ್ಗಗಳು ಬರುತ್ತಿವೆ. ಲಾಳಿ ಇಲ್ಲ, ಆದರೆ ಒಳಗೆ ಎಲೆಕ್ಟ್ರಾನಿಕ್ ಬೋರ್ಡ್, ಸೆನ್ಸರ್, ಗಾಳಿಯ ಒತ್ತಡದ ಲೆಕ್ಕ. ಒಬ್ಬನೇ ಹೆಚ್ಚು ಮಗ್ಗ ನೋಡಿಕೊಳ್ಳಬಹುದು, ಹಾಗಾಗಿ ತಲೆ ಕಡಿಮೆ ಸಾಕು; ರಿಪೇರಿಯವನು ಮಾತ್ರ ಓದಿದವನೇ ಆಗಬೇಕು. ಹಳೆಯ ಜಾಬರ್‌ನ ಕೈಗುಣ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಗಲ್ಫ್ ವೀಸಾಕ್ಕೆ ಕಾಯುವ ನಮ್ಮ ಹುಡುಗರು ಇದನ್ನು ತಿಳಿದಿರಲಿ. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ 2 ವರ್ಷ, ವೆಲ್ಡರ್ 1 ವರ್ಷ. 1961ರ ಅಪ್ರೆಂಟಿಸ್ ಕಾಯ್ದೆಯಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತರಬೇತಿಯವರನ್ನು ತೆಗೆದುಕೊಳ್ಳಲೇಬೇಕು, ಸ್ಟೈಪೆಂಡ್ ಕೊಡಬೇಕು. ಜವಳಿಯಲ್ಲೇ ಮುಂದುವರಿಯುವವರಿಗೆ ಇಚಲಕರಂಜಿಯಲ್ಲಿ 1982ರಿಂದ ಡಿಕೆಟಿಇ ಕಾಲೇಜು ಇದೆ. ಕೆಲಸಕ್ಕೇ ಹೋಗುವುದಾದರೆ ಪೀಸ್ ರೇಟೋ ತಿಂಗಳ ಸಂಬಳವೋ, ಪಿಎಫ್ ಇದೆಯೋ ಇಲ್ಲವೋ, ಇವೆರಡನ್ನು ಬಸ್ ಹತ್ತುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ.